ಡಂಗುರದ ಹಾದಿ, ಅಹವಾಲಿನ ಹಾದಿ

ಸುದ್ದಿಯನ್ನು ಹತ್ತು ಜನಕ್ಕೆ ಮುಟ್ಟಿಸುವುದಕ್ಕೆ ಕನ್ನಡದಲ್ಲಿ ‘ಸಾರು’ ಎಂಬ ಅಚ್ಚುಕಟ್ಟಾದ ಕ್ರಿಯಾಪದವಿದೆ. ಅರಸನು ಸಾರಿಸುತ್ತಾನೆ, ತಳವಾರನು ಸಾರುತ್ತಾನೆ, ಊರು ಕೇಳುತ್ತದೆ. ಇಲ್ಲಿ ಮಾತು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕೆಳಗಿನವರ ಮಾತು ಮೇಲಕ್ಕೆ ಏರಬೇಕಾದಾಗ ನಾವು ಬಳಸುವ ಪದಗಳೇ ಬೇರೆ. ಮೊರೆ, ದೂರು ಎಂಬವು ಅಚ್ಚಗನ್ನಡದವು. ಅವುಗಳಲ್ಲಿ ಅಳುವಿನ ದನಿಯೇ ಹೆಚ್ಚು. ಶಾಸನಗಳ ಕಾಲದ ‘ಬಿನ್ನಪ’ವು ಸಂಸ್ಕೃತದ ವಿಜ್ಞಾಪನೆಯಿಂದ ಬಂದುದು, ಅದರಲ್ಲಿ ಕೈಮುಗಿದು ನಿಂತವನ ವಿನಯವಿದೆ. ಅರ್ಜಿ, ಅಹವಾಲು, ತಕರಾರು ಎಂಬ ಮೂರೂ ಅರಬ್ಬೀ ಮೂಲದಿಂದ ಹೊರಟು, ಫಾರ್ಸಿ ಉರ್ದುಗಳ ಮೂಲಕ ನಮ್ಮ ಕಛೇರಿಗಳಿಗೆ ಬಂದು ಇಳಿದವು. ‘ತಕರಾರು’ ಎಂಬುದಕ್ಕೆ ಅರಬ್ಬಿಯಲ್ಲಿ ಮರಳಿ ಮರಳಿ ಹೇಳುವುದು ಎಂದು ಅರ್ಥ. ಒಂದೇ ಮಾತನ್ನು ಹತ್ತು ಸಲ ಹೇಳದೆ ಯಾವ ಕಛೇರಿಯೂ ಕಿವಿಗೊಡದೆಂಬ ಅನುಭವವೇ ಆ ಪದಕ್ಕೆ ಈಗಿನ ಅರ್ಥವನ್ನು ತಂದಿತೋ ಏನೋ! ಇಳಿಯುವ ಮಾತಿಗಿಂತ ಏರುವ ಮಾತಿಗೆ ಶ್ರಮ ಹೆಚ್ಚೆಂಬುದನ್ನು ಭಾಷೆಯೇ ಹೇಳುವಂತಿದೆ.

ಈ ಹಳೆಯ ಪದಗಳನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ಗಣಿ, ಅಣೆಕಟ್ಟು, ದೊಡ್ಡ ಕಾರ್ಖಾನೆಗಳಂಥ ಯೋಜನೆಗಳನ್ನು ಕೈಗೊಳ್ಳುವ ಮುನ್ನ ಸುತ್ತಣ ಜನರನ್ನು ಕೇಳಬೇಕೆಂಬುದು ಇಂದು ಕಾನೂನಿನ ಮಾತಾಗಿದೆ. ಕೇಳುವ ಬಗೆ ಎರಡು. ಅಂತರ್ಜಾಲದಲ್ಲಿ ಕರಡನ್ನು ಇಟ್ಟು, ಮಿಂಚಂಚೆಯಲ್ಲಿ ಅಭಿಪ್ರಾಯಗಳನ್ನು ತರಿಸಿಕೊಳ್ಳುವುದು ಒಂದು. ಊರಿನಲ್ಲಿ ಸಭೆ ಸೇರಿಸಿ ಬಾಯಿಮಾತನ್ನು ಆಲಿಸುವುದು ಇನ್ನೊಂದು. ಇವೆರಡನ್ನೂ ಹೇಗೆ ಹೊಂದಿಸಬೇಕೆಂಬುದು ಆಡಳಿತಜ್ಞರ ನಡುವೆ ಈಗ ನಡೆದಿರುವ ಚರ್ಚೆ. ಹೊಸತೆಂದು ತೋರುವ ಈ ಪ್ರಶ್ನೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸೀಮೆಗೆ ಹೊಸದಲ್ಲ. ಹೊಸ ಸಾಧನವೊಂದನ್ನು ಹಳೆಯದರೊಡನೆ ಜೋಡಿಸುವ ಪ್ರಯತ್ನ ಇಲ್ಲಿ ಎರಡು ಸಾವಿರದ ಇನ್ನೂರು ವರ್ಷಗಳಿಂದಲೂ ನಡೆದುಬಂದಿದೆ. ಆದರೆ ಆ ಜೋಡಣೆ ಬಹುಮಟ್ಟಿಗೆ ಸಾರುವುದಕ್ಕಾಗಿ ನಡೆಯಿತೇ ಹೊರತು ಕೇಳುವುದಕ್ಕಾಗಿ ನಡೆದುದು ಕಡಿಮೆ. ಇಲ್ಲಿಯ ಚರಿತ್ರೆಯನ್ನು ಈ ಕಣ್ಣಿನಿಂದ ನೋಡಿದರೆ ಇಂದಿನ ಚರ್ಚೆಗೂ ಒಂದಿಷ್ಟು ಬೆಳಕು ಸಿಕ್ಕೀತು.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಅದಕ್ಕೆ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಕಿರುಬಂಡೆ ಶಾಸನಗಳಿರುವುದು 1931ರಲ್ಲಿ ವಿದ್ವಾಂಸರ ಗಮನಕ್ಕೆ ಬಂದಿತು. ಆರ್. ಎಲ್. ಟರ್ನರ್ ಅವರು ಮರುವರ್ಷವೇ ಅವುಗಳನ್ನು ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ನೆರೆಯ ಮಸ್ಕಿಯ ಶಾಸನವು 1915ರಲ್ಲಿಯೇ ಬೆಳಕಿಗೆ ಬಂದು, ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಖಚಿತಗೊಳಿಸಿದ್ದ ಸಂಗತಿ ಶಾಲೆಯ ಹುಡುಗರಿಗೂ ಗೊತ್ತು. ಗವಿಮಠದ ಶಾಸನದ ತಾತ್ಪರ್ಯ ಸರಳವಾದುದು: ಧರ್ಮದ ಫಲ ದೊಡ್ಡವರಿಗೆ ಮಾತ್ರ ದೊರೆಯುವಂಥದಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದೊರೆಯುತ್ತದೆ, ಸಣ್ಣವರೂ ದೊಡ್ಡವರೂ ಪ್ರಯತ್ನಿಸಲಿ, ಗಡಿಯಾಚೆಯವರಿಗೂ ಇದು ತಿಳಿಯಲಿ ಎಂದೇ ಇದನ್ನು ಸಾರಿಸಲಾಗಿದೆ.

ಸಣ್ಣವರಿಗೆ ತಿಳಿಯಲೆಂದು ಬರೆಸಿದುದು ನಿಜ. ಆದರೆ ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಈ ಬೆಟ್ಟದ ಕೆಳಗೆ ಕುರಿ ಕಾಯುತ್ತಿದ್ದವನಿಗೆ ಆ ಭಾಷೆಯೂ ಬಾರದು, ಆ ಲಿಪಿಯೂ ಬಾರದು. ಹಾಗಾದರೆ ಬಂಡೆಯ ಬರಹ ಯಾರಿಗಾಗಿ? ಈ ಪ್ರಶ್ನೆಗೆ ಉತ್ತರ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಯ ಮೇಲಿದೆ. ಅಲ್ಲಿಯ ಕಿರುಶಾಸನದಲ್ಲಿ ಚಕ್ರವರ್ತಿಯು ಸುದ್ದಿಯ ಹಾದಿಯನ್ನೇ ವಿಧಿಸುತ್ತಾನೆ: ರಜ್ಜುಕನೆಂಬ ಅಧಿಕಾರಿಗೆ ಆಜ್ಞೆಯಾಗಬೇಕು, ಅವನು ಭೇರಿಯನ್ನು ಬಾರಿಸಿ ಜನಪದದವರಿಗೂ ರಾಷ್ಟ್ರಿಕರಿಗೂ ಅದನ್ನು ತಿಳಿಸಬೇಕು. ಕಳಿಂಗದ ಧೌಳಿ, ಜೌಗಡಗಳ ಪ್ರತ್ಯೇಕ ಶಾಸನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ತಿಷ್ಯ ನಕ್ಷತ್ರದ ದಿನಗಳಂದು ಶಾಸನವನ್ನು ಓದಿ ಕೇಳಿಸಬೇಕು. ನಡುವೆ ಬೇಕಾದಾಗ ಒಬ್ಬನೇ ಒಬ್ಬನಿದ್ದರೂ ಅವನಿಗೆ ಕೇಳಿಸಬೇಕು ಎಂದು ಅವು ಹೇಳುತ್ತವೆ. ಅಂದಮೇಲೆ ಕಲ್ಲು ಒಂಟಿಯಾಗಿರಲಿಲ್ಲ. ಕಲ್ಲು ಮಾತನ್ನು ಕೆಡದಂತೆ ಕಾಯಿತು. ಭೇರಿ ಜನರನ್ನು ಕೂಡಿಸಿತು. ಓದುವ ಬಾಯಿ ಅರ್ಥವನ್ನು ತಲುಪಿಸಿತು.

ಇದು ಇಳಿಯುವ ಹಾದಿ. ಏರುವ ಹಾದಿಯ ಮಾತೂ ಅಶೋಕನಲ್ಲಿ ಇಲ್ಲದಿಲ್ಲ. ತಾನು ಊಟದಲ್ಲಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ಕಾರ್ಯವನ್ನು ವರದಿಗಾರರು ಯಾವ ಹೊತ್ತಿನಲ್ಲಾದರೂ ಬಂದು ತಿಳಿಸಬಹುದೆಂದು ಅವನ ಆರನೆಯ ಬಂಡೆ ಶಾಸನವು ಸಾರುತ್ತದೆ. ಅರಸನಾದವನಿಗೆ ಇದು ಸಣ್ಣ ಮಾತಲ್ಲ. ಆದರೆ ಆ ವರದಿಗಾರರು ಅರಸನ ಸೇವಕರು. ಪ್ರಜೆಗಳು ಆರಿಸಿ ಕಳುಹಿಸಿದವರಲ್ಲ. ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂಬುದು ಅವರ ವಿವೇಕಕ್ಕೆ ಬಿಟ್ಟುದು.

ಹದಿಮೂರು ಶತಮಾನಗಳನ್ನು ದಾಟಿ ಕಲ್ಯಾಣದ ಚಾಳುಕ್ಯರ ಕಾಲಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಇಟಗಿಯಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿಯ ಶಾಸನವು ದೇವಾಲಯಗಳ ಚಕ್ರವರ್ತಿಯೆಂದು ಹೊಗಳಿದೆ. ಹತ್ತಿರದ ಕುಕನೂರು ಹೆಸರಾಂತ ಅಗ್ರಹಾರವಾಗಿತ್ತು. ಈ ಹೊತ್ತಿಗೆ ಕಲ್ಲಿನ ಭಾಷೆ ಕನ್ನಡವಾಗಿತ್ತು. ದತ್ತಿಯ ಭೂಮಿ ಎಷ್ಟು ಮತ್ತರು, ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ, ಯಾರ ಪಾಲು ಎಷ್ಟು ಎಂಬುದನ್ನು ಗುಡಿಯ ಮುಂದೆ ಎಲ್ಲರ ಕಣ್ಣಿಗೆ ಬೀಳುವಂತೆ ಕಂಡರಿಸಿ ನಿಲ್ಲಿಸುತ್ತಿದ್ದರು. ಓದಬಾರದವರನ್ನೂ ಮರೆತಿರಲಿಲ್ಲ. ಶಾಸನದ ತಲೆಯ ಮೇಲೆ ಸೂರ್ಯಚಂದ್ರರು, ಲಿಂಗ, ಹಸುಕರುಗಳ ಚಿತ್ರವಿರುತ್ತಿತ್ತು. ಇದು ದತ್ತಿಯ ಕಲ್ಲು, ಸೂರ್ಯಚಂದ್ರರಿರುವ ತನಕ ನಡೆಯಬೇಕಾದುದು, ಕೆಡಿಸಿದವನು ಪಾಪಕ್ಕೆ ಗುರಿಯಾದಾನು ಎಂಬುದನ್ನು ಅಕ್ಷರವರಿಯದವನೂ ಅದರಿಂದ ತಿಳಿದುಕೊಳ್ಳುತ್ತಿದ್ದನು.

ಇನ್ನೂ ಮುಖ್ಯವಾದುದೆಂದರೆ, ಈ ಶಾಸನಗಳಲ್ಲಿ ಅರಸನೊಬ್ಬನೇ ಮಾತನಾಡುವುದಿಲ್ಲ. ಮಹಾಜನರು, ನಖರಗಳು, ಗಾವುಂಡರು, ಒಕ್ಕಲುಗಳು ಕೂಡಿದರು, ಬಿನ್ನಪಂಗೆಯ್ದರು, ಒಪ್ಪಿದರು ಎಂಬ ಮಾತುಗಳು ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಏರುವ ಮಾತಿಗೂ ಕಲ್ಲಿನ ಮೇಲೆ ಜಾಗ ದೊರೆತ ಕಾಲವಿದು. ಇಷ್ಟಾದರೂ ಅದನ್ನು ಇಂದಿನ ಪ್ರಜಾಪ್ರಭುತ್ವವೆಂದು ಹಿಗ್ಗುವುದು ಬೇಡ. ಅಗ್ರಹಾರದ ಸಭೆಯಲ್ಲಿ ಕುಳಿತವರು ಬ್ರಾಹ್ಮಣ ಗೃಹಸ್ಥರು. ಊರ ಸಭೆಯಲ್ಲಿ ಕುಳಿತವರು ಭೂಮಿಯುಳ್ಳವರು. ಹೊಲದಲ್ಲಿ ದುಡಿಯುವ ಆಳಿನ ಬಿನ್ನಪವನ್ನು ಹೊತ್ತ ಕಲ್ಲುಗಳನ್ನು ಹುಡುಕುವುದು ಕಷ್ಟ.

ನಿಜಾಮರ ಆಳ್ವಿಕೆಯಲ್ಲಿ ಹಾದಿ ಇನ್ನಷ್ಟು ಉದ್ದವಾಯಿತು. ಕುಷ್ಟಗಿ ಗಂಗಾವತಿಗಳು ಮೊದಲು ಲಿಂಗಸೂಗೂರು ಜಿಲ್ಲೆಯಲ್ಲಿದ್ದು, 1905ರಲ್ಲಿ ಆ ಜಿಲ್ಲೆಯನ್ನು ಮುರಿದಾಗ ರಾಯಚೂರಿಗೆ ಸೇರಿದವು; ಕೊಪ್ಪಳ ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಆಡಳಿತದ ಭಾಷೆ ಮೊದಲು ಫಾರ್ಸಿ, 1880ರ ದಶಕದಿಂದ ಉರ್ದು. ಹೈದರಾಬಾದಿನಲ್ಲಿ ಹೊರಟ ಫರ್ಮಾನು ಜಿಲ್ಲೆ, ತಹಸೀಲುಗಳನ್ನು ದಾಟಿ ಊರಿಗೆ ಬಂದರೆ ಅದನ್ನು ಓದಿ ಹೇಳುವವನು ಪಟವಾರಿ. ಕಂದಾಯದ ಸುದ್ದಿಯಾದರೆ ಮಾಲಿಪಾಟೀಲನಿಗೆ, ಬಂದೋಬಸ್ತಿನ ಸುದ್ದಿಯಾದರೆ ಪೊಲೀಸ್‌ಪಾಟೀಲನಿಗೆ ಅದು ಮುಟ್ಟುತ್ತಿತ್ತು. ಈ ಎರಡು ಹುದ್ದೆಗಳು ಇಂದಿಗೂ ಈ ಭಾಗದ ಮನೆತನದ ಹೆಸರುಗಳಾಗಿ ಉಳಿದಿವೆ. ಕೊನೆಗೆ ಹಲಗೆಯನ್ನು ಹೆಗಲಿಗೇರಿಸಿದವನು ಅಗಸಿಯಲ್ಲಿ ಒಂದು ಸಲ, ಹನುಮಪ್ಪನ ಗುಡಿಯ ಕಟ್ಟೆಯ ಹತ್ತಿರ ಒಂದು ಸಲ, ಕೇರಿ ಕೇರಿಯಲ್ಲಿ ಒಂದೊಂದು ಸಲ ನಿಂತು “ಕೇಳ್ರಪ್ಪೋ ಕೇಳ್ರಿ” ಎಂದು ಸಾರಿದಾಗ ಉರ್ದುವಿನ ಫರ್ಮಾನು ಕುಷ್ಟಗಿಯ ಕನ್ನಡವಾಗುತ್ತಿತ್ತು. ರಾಜ್ಯದ ಮಾತನ್ನು ಕಟ್ಟಕಡೆಯ ಮನೆಗೆ ತಲುಪಿಸುವ ಹೊಣೆ ಹೊತ್ತವನು ಬಹುಮಟ್ಟಿಗೆ ಊರ ಹೊರಗಿನ ಕೇರಿಯವನು. ಅವನು ಸಾರಿದ ಸಭೆಯ ಕಟ್ಟೆಯನ್ನು ಅವನೇ ಹತ್ತುವಂತಿರಲಿಲ್ಲ. ಎಲ್ಲರ ಮಾತನ್ನೂ ಹೊತ್ತವನಿಗೆ ತನ್ನದೆಂಬ ಒಂದು ಮಾತನ್ನು ಹೇಳುವ ಎಡೆಯಿರಲಿಲ್ಲ. ಡಂಗುರದ ಚರಿತ್ರೆಯನ್ನು ಬರೆಯುವವರು ಈ ವಿಪರ್ಯಾಸವನ್ನು ಮರೆಯಬಾರದು.

ಏರುವ ಹಾದಿಗಂತೂ ಬಾಗಿಲೇ ಬಿದ್ದಿತ್ತು. 1929ರ ಸುಮಾರಿಗೆ ಹೊರಟ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯು ಅನುಮತಿಯಿಲ್ಲದೆ ಸಾರ್ವಜನಿಕ ಸಭೆ ಸೇರುವುದನ್ನು ನಿಷೇಧಿಸಿತು. ರಾಜಕೀಯ ಸಭೆಗೆ ಎಡೆಯಿಲ್ಲದಾಗ ಜನರು ಸಾಹಿತ್ಯದ ನೆರಳಿನಲ್ಲಿ ಸೇರಿದರು. 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೂ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ನಡೆದ ಸಮ್ಮೇಳನಕ್ಕೂ ಈ ದೃಷ್ಟಿಯಿಂದ ಹೆಚ್ಚಿನ ಬೆಲೆಯಿದೆ. ಕನ್ನಡ ಮಾತನಾಡುವವರು ಒಂದೆಡೆ ಕುಳಿತು ಕನ್ನಡದಲ್ಲಿ ಮಾತನಾಡುವುದೇ ಆಗ ಒಂದು ಅಹವಾಲು. ಮುಂದೆ 1947–48ರಲ್ಲಿ ಗಡಿಯಾಚೆ ಮುಂಡರಗಿಯಂಥ ಕಡೆಗಳಲ್ಲಿ ಹೋರಾಟದ ಶಿಬಿರಗಳು ಎದ್ದವು. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿ ಶಿಬಿರದ ಮುಂದಾಳುಗಳು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು.

ಆಮೇಲೆ ಬಂದುದೇ ಮತಪತ್ರ. ಕುಷ್ಟಗಿ ಎಂಬ ಹೆಸರಿನ ಲೋಕಸಭಾ ಕ್ಷೇತ್ರವೇ ಒಂದು ಕಾಲಕ್ಕೆ ಇತ್ತೆಂಬುದು ಇಂದಿನ ತರುಣರಲ್ಲಿ ಅನೇಕರಿಗೆ ತಿಳಿಯದು. 1952ರ ಮೊದಲ ಚುನಾವಣೆಯಲ್ಲಿ ಆ ಕ್ಷೇತ್ರದಿಂದ ಇದೇ ಶಿವಮೂರ್ತಿಸ್ವಾಮಿಗಳು ಪಕ್ಷೇತರರಾಗಿ ಆರಿಸಿಬಂದರು. ಹೈದರಾಬಾದ್ ರಾಜ್ಯದಲ್ಲಿ ಆಗ ಓದುಬರಹ ಬಲ್ಲವರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ. ಆದುದರಿಂದ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಬೇರೆ ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ. ಶಾಸನದ ತಲೆಯ ಮೇಲಿನ ಹಸುಕರುಗಳಂತೆ ಇಲ್ಲಿಯೂ ಚಿತ್ರವೇ ಅಕ್ಷರದ ಕೆಲಸವನ್ನು ಮಾಡಿತು. ಆದರೆ ಈ ಸಲ ಚಿತ್ರವನ್ನು ನೋಡಿ ಮಾತು ಹೇಳಿದವನು ಪ್ರಜೆ. ಹಲಗೆ ಬಾರಿಸುವವನಿಗೂ ಒಂದು ಮತ, ಪಾಟೀಲನಿಗೂ ಒಂದೇ ಮತ.

ಇದರ ಬೆನ್ನಿಗೇ ಇನ್ನೊಂದು ದೊಡ್ಡ ಪ್ರಯೋಗ ನಡೆಯಿತು. 1953ರ ಡಿಸೆಂಬರಿನಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗವು ಜನರ ಅಭಿಪ್ರಾಯವನ್ನು ಬೇಡಿತು. ಸಯ್ಯದ್ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಎಂಬ ಮೂವರು ಅದರ ಸದಸ್ಯರು. ತಂತಿಗಳು, ಠರಾವುಗಳು, ಮನವಿಗಳು ಎಲ್ಲ ಸೇರಿ 1,52,250 ಬರಹಗಳು ಬಂದವು. ಅವುಗಳಲ್ಲಿ ವಿಚಾರಪೂರ್ವಕವಾದ ಮನವಿಗಳು ಸುಮಾರು 2,000ಕ್ಕೆ ಮೀರಲಿಲ್ಲವೆಂದು ಆಯೋಗವೇ ತನ್ನ ವರದಿಯಲ್ಲಿ ಹೇಳಿಕೊಂಡಿದೆ. ಬರಹಗಳ ರಾಶಿಯನ್ನು ನಂಬಿ ಆಯೋಗವು ದಿಲ್ಲಿಯಲ್ಲಿ ಕುಳಿತಿರಲಿಲ್ಲ. ಅದು 104 ಸ್ಥಳಗಳಿಗೆ ಹೋಗಿ, 9,000ಕ್ಕೂ ಹೆಚ್ಚು ಜನರ ಮಾತನ್ನು ಎದುರಿನಲ್ಲಿ ಕೇಳಿತು. 1955ರ ಸೆಪ್ಟೆಂಬರ್ 30ರಂದು ವರದಿ ಸಿದ್ಧವಾಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ, ಅದರೊಡನೆ ಕುಷ್ಟಗಿಯೂ, ಮೈಸೂರು ರಾಜ್ಯಕ್ಕೆ ಸೇರಿದವು. ಅಂಚೆಯಲ್ಲಿ ಬಂದ ಮಾತಿಗೂ ಬಾಯಿಂದ ಬಂದ ಮಾತಿಗೂ ಒಂದೇ ಕಡತದಲ್ಲಿ ಜಾಗ ದೊರೆತುದು ಇಲ್ಲಿಯ ವಿಶೇಷ. ಸಂಖ್ಯೆಯ ತೂಕ ಬೇರೆ, ವಿಚಾರದ ತೂಕ ಬೇರೆ ಎಂಬ ವಿವೇಕವೂ ಅಲ್ಲಿತ್ತು.

ಅದೇ 1956ರಲ್ಲಿ ಪುಣೆಯ ಸುತ್ತಣ ಜಿಲ್ಲೆಗಳಲ್ಲಿ ಆಕಾಶವಾಣಿಯು ಯುನೆಸ್ಕೋ ಸಂಸ್ಥೆಯ ನೆರವಿನಿಂದ ಗ್ರಾಮೀಣ ರೇಡಿಯೋ ಕೂಟಗಳನ್ನು ನಡೆಸಿತು. ಕೆನಡಾ ದೇಶದ ರೈತರ ರೇಡಿಯೋ ಕೂಟಗಳು ಇದಕ್ಕೆ ಮಾದರಿ. ಸುಮಾರು 150 ಹಳ್ಳಿಗಳ ರೈತರು ಗುಂಪಾಗಿ ಕುಳಿತು ಅರ್ಧ ಗಂಟೆಯ ಕಾರ್ಯಕ್ರಮವನ್ನು ಕೇಳಿದರು. ಕೇಳಿದ ಮೇಲೆ ತಮ್ಮೊಳಗೆ ಚರ್ಚಿಸಿದರು. ಚರ್ಚೆಯಲ್ಲಿ ಎದ್ದ ಪ್ರಶ್ನೆಗಳನ್ನು ಬರೆದು ಆಕಾಶವಾಣಿಗೆ ಕಳುಹಿಸಿದರು. ಅವುಗಳಿಗೆ ಉತ್ತರ ಮತ್ತೆ ರೇಡಿಯೋದಲ್ಲಿ ಬಂದಿತು. ರೇಡಿಯೋ, ಊರ ಕಟ್ಟೆ, ಅಂಚೆ ಈ ಮೂರೂ ಸೇರಿ ಒಂದು ಚಕ್ರವಾಯಿತು. ಇಳಿದ ಮಾತು ಏರಿ, ಏರಿದ ಮಾತಿಗೆ ಮಾರುತ್ತರವೂ ದೊರೆತ ಅಪರೂಪದ ಉದಾಹರಣೆ ಇದು.

ಇದಕ್ಕೆ ಹೋಲಿಸಿ ನೋಡಬೇಕಾದುದು ನಮ್ಮ ಜಿಲ್ಲೆಗಳಲ್ಲಿಯೇ ಇಪ್ಪತ್ತು ವರ್ಷಗಳ ಅನಂತರ ನಡೆದ ಉಪಗ್ರಹ ದೂರದರ್ಶನದ ಪ್ರಯೋಗ. ಅಮೆರಿಕದ ನಾಸಾ ಸಂಸ್ಥೆಯಿಂದ ಒಂದು ವರ್ಷದ ಮಟ್ಟಿಗೆ ಕಡ ತಂದ ಎ.ಟಿ.ಎಸ್.–6 ಉಪಗ್ರಹದ ಮೂಲಕ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಿತ್ತರವಾದವು. ಕರ್ನಾಟಕದಲ್ಲಿ ಇದಕ್ಕಾಗಿ ಆರಿಸಿಕೊಂಡವು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಕುಷ್ಟಗಿ ಆಗ ರಾಯಚೂರು ಜಿಲ್ಲೆಯ ತಾಲ್ಲೂಕು. ಊರಿಗೊಂದು ಪೆಟ್ಟಿಗೆ, ಸಂಜೆ ಅದರ ಮುಂದೆ ಜಾತಿಭೇದವನ್ನು ಒಂದಿಷ್ಟು ಮರೆತು ಕುಳಿತ ಜನ, ಕನ್ನಡದಲ್ಲಿ ಒಕ್ಕಲುತನದ ಮಾತು, ಆರೋಗ್ಯದ ಮಾತು. ಅದೊಂದು ಅದ್ಭುತವೇ ಸರಿ. ಆದರೆ ಆಕಾಶದಿಂದ ಇಳಿದ ಮಾತಿಗೆ ಹಳ್ಳಿಯಿಂದ ಮೇಲೇರುವ ತಂತಿಯಿರಲಿಲ್ಲ. ಸಂಶೋಧಕರು ಬಂದು ಜನರನ್ನು ಪ್ರಶ್ನಿಸಿ ಬರೆದುಕೊಂಡರು. ವರ್ಷ ತುಂಬಿತು, ಉಪಗ್ರಹವನ್ನು ಹಿಂದಕ್ಕೆ ಕರೆದುಕೊಂಡರು. ಸಾಧನ ಎಷ್ಟೇ ಹೊಸದಾದರೂ, ಮಾತು ಒಂದೇ ದಿಕ್ಕಿಗೆ ಹರಿದರೆ ಅದೂ ಡಂಗುರವೇ.

1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮಸಭೆಗೆ ಕಾನೂನಿನ ಆಸನವನ್ನು ಕೊಟ್ಟಿತು. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. ಹೊಸ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಿಂದಾಗಿ ಕೈಬರಹದ ಪಹಣಿ ಹೋಗಿ, ಗಣಕಯಂತ್ರದಲ್ಲಿ ಅಚ್ಚಾದ ಪಹಣಿ ತಾಲ್ಲೂಕು ಕಛೇರಿಯಲ್ಲಿ ದೊರೆಯತೊಡಗಿತು. ಅದೇ ಹೊತ್ತಿಗೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ಹುಟ್ಟಿತು. ಹಳ್ಳಿಯವರು ತಾವೇ ತರಂಗಗಳಲ್ಲಿ ಬಿತ್ತರಿಸಲು ಆಗಿನ್ನೂ ಸರಕಾರದ ಒಪ್ಪಿಗೆಯಿರಲಿಲ್ಲ. ಆ ಅನುಮತಿ 2006ರ ನೀತಿಯಿಂದ ದೊರೆಯಿತು. ಅದರಿಂದ ಅವರು ತಂತಿಯೆಳೆದು ಮನೆಮನೆಗೆ ದನಿ ಮುಟ್ಟಿಸಿದರು. ಸ್ವಸಹಾಯ ಸಂಘದ ಹೆಂಗಸರು ಅದರಲ್ಲಿ ಮಾತನಾಡಿದರು; ಪಕ್ಕದಲ್ಲಿಯೇ ಗಣಕಯಂತ್ರದ ಕೇಂದ್ರವೂ ಇತ್ತು. ಹೊಸದು ಹಳೆಯದರ ಕೈಹಿಡಿದು ನಡೆದರೆ ಮಾತನಾಡುವವರ ಸಂಖ್ಯೆ ಹೆಚ್ಚುವುದೆಂಬುದಕ್ಕೆ ಬೂದಿಕೋಟೆ ಸಾಕ್ಷಿ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಹಳೆಯ ಕಟ್ಟೆ ಅಷ್ಟು ಒಳ್ಳೆಯದೇ? ಒಳ್ಳೆಯದೆಂದು ಕಣ್ಣುಮುಚ್ಚಿ ಹೇಳಲಾಗದು. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದಲಿತರ ಮನೆಯ ಎಳೆಯ ಮಗುವೊಂದು ಗುಡಿಯೊಳಗೆ ಓಡಿತೆಂದು ಊರ ಕೆಲವು ಹಿರಿಯರು ಸಭೆ ಸೇರಿ, ಆ ಕುಟುಂಬಕ್ಕೆ 25,000 ರೂಪಾಯಿಗಳ ದಂಡ ಹೇಳಿದರು. ಆ ಸಭೆಯೂ ‘ಸಾಂಪ್ರದಾಯಿಕ’ವೇ! ಸುದ್ದಿ ಊರಿನ ಗಡಿ ದಾಟಿ ಹೊರಗೆ ಹಬ್ಬಿದ ಮೇಲೆಯೇ ಅಧಿಕಾರಿಗಳು ಬಂದರು, ಪೊಲೀಸರು ಬಂದರು, ಕೆಲವರ ಬಂಧನವಾಯಿತು. ಕಟ್ಟೆಯ ಮೇಲೆ ಬಾಯಿ ತೆರೆಯಲಾಗದವನಿಗೆ ಕಟ್ಟೆಯನ್ನು ದಾಟಿ ಹೋಗುವ ಹಾದಿಯೊಂದು ಬೇಕು. ಹೊಸ ಸಾಧನಗಳು ಕೊಡಬಹುದಾದ ದೊಡ್ಡ ಉಪಕಾರ ಇದು. ಎರಡನೆಯದೂ ಒಂದುಂಟು. ಮಳೆ ಕೈಕೊಟ್ಟಾಗ ಈ ಸೀಮೆಯ ಜನ ಮಂಗಳೂರು, ಬೆಂಗಳೂರು, ಗೋವೆಗಳಿಗೆ ಗುಳೆ ಹೋಗುತ್ತಾರೆ. ಅವರಿಲ್ಲದಾಗ ನಡೆದ ಗ್ರಾಮಸಭೆಯಲ್ಲಿ ಅವರ ಮಾತನ್ನು ಹೇಳುವವರು ಯಾರು? ಜೇಬಿನಲ್ಲಿರುವ ಮೊಬೈಲು ಆ ಕೊರತೆಯನ್ನು ತುಂಬಬಲ್ಲುದು.

ಆದರೆ ಮೊಬೈಲೇ ಸಾಕು, ಸಭೆ ಬೇಡ ಎನ್ನುವಂತಿಲ್ಲ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಹೆಂಗಸರಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 58 ಮಾತ್ರ. ಅಕ್ಷರ ಬಲ್ಲವರಿಗೂ ಅಕ್ಷರ ಯಾವ ಭಾಷೆಯದು ಎಂಬ ತೊಡಕುಂಟು. 2020ರ ಮಾರ್ಚಿನಲ್ಲಿ, ಮಹಾಮಾರಿಯ ಕಾಲದಲ್ಲಿ, ಕೇಂದ್ರ ಸರಕಾರವು ಪರಿಸರ ಪರಿಣಾಮ ಅಂದಾಜಿನ ನಿಯಮಗಳನ್ನು ಬದಲಿಸುವ ಕರಡನ್ನು ಹೊರಡಿಸಿ, ದೇಶದ ಜನರ ಅಭಿಪ್ರಾಯವನ್ನು ಕೇಳಿತು. ಕರಡು ಇದ್ದುದು ಇಂಗ್ಲಿಷು ಹಿಂದಿಗಳಲ್ಲಿ. ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಅದನ್ನು ಅನುವಾದಿಸಬೇಕೆಂದು ದಿಲ್ಲಿಯ ಉಚ್ಚ ನ್ಯಾಯಾಲಯವು ಜೂನ್ 30ರಂದು ಆಜ್ಞೆ ಮಾಡಿತು. ಸ್ಥಳೀಯ ಭಾಷೆಗಳಲ್ಲಿ ಸಾಕಷ್ಟು ಪ್ರಚಾರವಾಗಿಲ್ಲವೆಂಬ ದೂರಿನ ಮೇಲೆ ಕರ್ನಾಟಕದ ಉಚ್ಚ ನ್ಯಾಯಾಲಯವು ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆಯನ್ನು ಹೊರಡಿಸದಂತೆ ಸೆಪ್ಟೆಂಬರ್ 7ರವರೆಗೆ ತಡೆಯಿತು. ದೇಶದ ಮೂಲೆಮೂಲೆಗಳಿಂದ ಲಕ್ಷಾಂತರ ಮಿಂಚಂಚೆಗಳು ಬಂದವು. ಆ ಕರಡು ಅಂತಿಮ ರೂಪವನ್ನು ತಾಳಲಿಲ್ಲ. ಸಂಖ್ಯೆಯೇನೋ ಬೆರಗುಗೊಳಿಸುವಂಥದು. ಆದರೆ ಆ ಲಕ್ಷಗಳಲ್ಲಿ ಹನುಮಸಾಗರದ, ತಾವರಗೇರಿಯ, ದೋಟಿಹಾಳದ ಒಕ್ಕಲಿಗರ ಮಾತು ಎಷ್ಟಿದ್ದೀತು? ಅಶೋಕನ ಬಂಡೆಯ ಮುಂದೆ ನಿಂತ ಕುರಿಗಾಹಿಯ ಪಾಡೇ ಇವರದೂ ಆಯಿತಲ್ಲವೆ?

ಇಷ್ಟಕ್ಕೂ ಆ ಕರಡು ಬದಲಿಸಲು ಹೊರಟಿದ್ದ ನಿಯಮ ಏನು ಹೇಳುತ್ತದೆ? 2006ರ ಸೆಪ್ಟೆಂಬರ್ 14ರ ಆ ಅಧಿಸೂಚನೆಯು ಪರಿಸರಕ್ಕೆ ಸಂಬಂಧಿಸಿದ ಸಾರ್ವಜನಿಕ ಆಲಿಕೆಯ ಕ್ರಮವನ್ನು ವಿವರಿಸಿದೆ. ಯೋಜನೆಯ ಸಾರಾಂಶವನ್ನು ಅಂತರ್ಜಾಲದಲ್ಲಿ ಇಡಬೇಕು. ದೇಶದ ಒಂದು ಪತ್ರಿಕೆಯಲ್ಲಿಯೂ ಪ್ರಾದೇಶಿಕ ಭಾಷೆಯ ಒಂದು ಪತ್ರಿಕೆಯಲ್ಲಿಯೂ ಪ್ರಕಟಣೆ ಕೊಡಬೇಕು. ಪತ್ರಿಕೆ ಮುಟ್ಟದ ಕಡೆ ಡಂಗುರ ಹೊಡೆಸಬೇಕು, ಬಾನುಲಿ ದೂರದರ್ಶನಗಳಲ್ಲಿ ತಿಳಿಸಬೇಕು ಎಂದು ಅದು ಹೇಳುತ್ತದೆ. ಗಣಕಯಂತ್ರದ ಯುಗದ ರಾಜಪತ್ರದಲ್ಲಿ ಎರ್ರಗುಡಿಯ ಭೇರಿ ಮತ್ತೆ ಮೊಳಗಿರುವುದನ್ನು ಕಂಡು ಚರಿತ್ರೆಯ ವಿದ್ಯಾರ್ಥಿಗೆ ಸಂತೋಷವಾಗದಿರದು. ಅದಕ್ಕಿಂತ ಮುಖ್ಯವಾದ ವಿಧಿಯೊಂದು ಅದರಲ್ಲಿದೆ. ಓದುವವರ ಕಣ್ಣಿಗೆ ಅದು ಅಷ್ಟಾಗಿ ಬೀಳುವುದಿಲ್ಲ. ಆಲಿಕೆಯಲ್ಲಿ ಜನರು ಆಡಿದ ಮಾತುಗಳ ಸಾರವನ್ನು ಬರೆದುಕೊಂಡು, ಸಭೆ ಮುಗಿಯುವ ಮುನ್ನ ಅದನ್ನು ಜನರಿಗೆ ಅವರ ಭಾಷೆಯಲ್ಲಿಯೇ ಓದಿ ಹೇಳಬೇಕು. ಒಪ್ಪಿತವಾದ ನಡಾವಳಿಗೆ ಜಿಲ್ಲಾಧಿಕಾರಿಗಳು ಸಹಿ ಮಾಡಬೇಕು. ಅದನ್ನು ಪಂಚಾಯತಿಯ ಕಛೇರಿಯಲ್ಲಿಯೂ ಅಂತರ್ಜಾಲದಲ್ಲಿಯೂ ಪ್ರದರ್ಶಿಸಬೇಕು.

ಅಶೋಕನು ತನ್ನ ಮಾತನ್ನು ಜನರಿಗೆ ಓದಿ ಹೇಳಿಸಿದನು. ಇಲ್ಲಿ ಜನರ ಮಾತನ್ನು ಜನರಿಗೇ ಓದಿ ಹೇಳಬೇಕೆಂದು ಕಾನೂನು ವಿಧಿಸುತ್ತದೆ. ಎರಡು ಸಾವಿರ ವರ್ಷಗಳಲ್ಲಿ ನಾವು ನಡೆದ ದೂರ ಇಷ್ಟು. ಇದು ಕಡಿಮೆಯ ದೂರವೇನಲ್ಲ. ‘ನಾನು ಹೇಳಿದುದು ಹೀಗಲ್ಲ, ಹಾಗೆ’ ಎಂದು ಒಬ್ಬ ಮುದುಕಿ ಎದ್ದು ತಿದ್ದುವುದಕ್ಕೆ ಅಲ್ಲಿ ಅವಕಾಶವುಂಟು. ಮಿಂಚಂಚೆ ಕಳುಹಿಸಿದವನಿಗೂ ಆ ಅವಕಾಶವಿಲ್ಲ; ಅವನ ಮಾತು ಯಾವ ಲೆಕ್ಕದಲ್ಲಿ ಸೇರಿತೆಂಬುದು ಅವನಿಗೆ ಸುಲಭವಾಗಿ ತಿಳಿಯದು.

ಈ ಹಾದಿಗಳು ಸರಿಯಾಗಿ ಕೂಡದಿದ್ದಾಗ ಏನಾಗುವುದೆಂಬುದನ್ನೂ ಈ ಜಿಲ್ಲೆ ಕಂಡಿದೆ. ಪಟ್ಟಣಕ್ಕೆ ತಾಗಿದಂತೆ ಉಕ್ಕಿನ ಕಾರ್ಖಾನೆಯೊಂದನ್ನು ವಿಸ್ತರಿಸುವುದನ್ನು ವಿರೋಧಿಸಿ 2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮಿಗಳೇ ಜನರೊಡನೆ ಬೀದಿಗಿಳಿದರು. ಕಾರ್ಖಾನೆ ಬೇಕೆಂಬ ವಾದಕ್ಕೂ ಬೇಡವೆಂಬ ವಾದಕ್ಕೂ ತಮ್ಮ ತಮ್ಮ ಕಾರಣಗಳುಂಟು. ಅವುಗಳ ತೀರ್ಮಾನ ಈ ಲೇಖನದ ಕೆಲಸವಲ್ಲ. ಆದರೆ ಕಡತದಲ್ಲಿ ಜಾಗ ಸಿಗಲಿಲ್ಲವೆಂದು ಜನರಿಗೆ ಅನ್ನಿಸಿದ ಮಾತು ಬೀದಿಯಲ್ಲಿ ತನ್ನ ಜಾಗವನ್ನು ಹುಡುಕಿಕೊಳ್ಳುತ್ತದೆ. ಸಣ್ಣವರೂ ದೊಡ್ಡವರೂ ಪ್ರಯತ್ನಿಸಲಿ ಎಂಬ ಬರಹವಿರುವ ಬೆಟ್ಟದ ಕೆಳಗೇ ಸಣ್ಣವರೂ ದೊಡ್ಡವರೂ ಅಂದು ನೆರೆದಿದ್ದರು.

ಹಾಗಾದರೆ ಜೋಡಣೆ ಹೇಗಿರಬೇಕು? ನಮ್ಮ ನೆಲದ ಅನುಭವದಿಂದ ಮೂರು ಮಾತುಗಳನ್ನು ಹೇಳಬಹುದು. ಸಾರುವುದಕ್ಕೆ ಎಷ್ಟು ಸಾಧನಗಳನ್ನು ಬಳಸುತ್ತೇವೆಯೋ ಕೇಳುವುದಕ್ಕೂ ಅಷ್ಟನ್ನೇ ಬಳಸಬೇಕು. ಡಂಗುರದಿಂದ ಸುದ್ದಿ ಕೇಳಿದವನು ಬಾಯಿಂದಲೇ ಉತ್ತರ ಕೊಡುವಂತಿರಬೇಕು. ಅಂತರ್ಜಾಲದಲ್ಲಿ ಫಾರಮು ತುಂಬೆಂದು ಅವನನ್ನು ಅಲೆಸಬಾರದು. ಎರಡನೆಯದಾಗಿ, ಯಾವ ಹಾದಿಯಿಂದ ಬಂದ ಮಾತೇ ಆಗಲಿ ಒಂದೇ ಕಡತಕ್ಕೆ ಸೇರಬೇಕು, ಒಂದೇ ತಕ್ಕಡಿಯಲ್ಲಿ ತೂಗಬೇಕು. ಸಾವಿರ ಮಿಂಚಂಚೆಗಳೆಂಬ ಕಾರಣಕ್ಕೆ ಕಟ್ಟೆಯ ಮಾತು ಹಗುರಾಗಬಾರದು, ಕಟ್ಟೆ ಹಿರಿಯದೆಂಬ ಕಾರಣಕ್ಕೆ ಒಂಟಿ ದನಿ ಅಡಗಬಾರದು. ಮೂರನೆಯದಾಗಿ, ಬರೆದುಕೊಂಡುದನ್ನು ಮರಳಿ ಓದಿ ಹೇಳಬೇಕು. ಅದು ಮಾತಿನ ಕೊನೆಯ ಕಾವಲು.

ಕೊನೆಯದು ಎಲ್ಲಕ್ಕಿಂತ ಅಗ್ಗದ ಕೆಲಸ. ಅದಕ್ಕೆ ಉಪಗ್ರಹ ಬೇಡ, ತಂತಿ ಬೇಡ, ಗಣಕಯಂತ್ರವೂ ಬೇಡ. ನಡಾವಳಿಯ ಪುಸ್ತಕವನ್ನು ತೆರೆದು, ಗಟ್ಟಿಯಾಗಿ, ನಿಧಾನವಾಗಿ ಕನ್ನಡದಲ್ಲಿ ಓದುವ ಒಂದು ಬಾಯಿ ಸಾಕು. ಗ್ರಾಮಸಭೆ ಮುಗಿಯಿತೆಂದು ಖಾಲಿ ಪುಟಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅವಸರ ಎಲ್ಲಿ ಕಂಡರೂ, ಮುಂದಿನ ಸಾಲಿನಲ್ಲಿ ಕುಳಿತ ಓದುಬಲ್ಲ ತರುಣನೊಬ್ಬನು ಎದ್ದು ‘ಬರೆದದ್ದನ್ನು ಓದ್ರಿ, ಕೇಳೋಣ’ ಎಂದರೆ ಸಾಕು. ಅಂದು ಸಭೆಯನ್ನು ಸಾರಿ ಬಂದ ಹಲಗೆಯವನೂ ಕಟ್ಟೆಯ ಮೇಲೆಯೇ ಕುಳಿತು ಅದನ್ನು ಕೇಳಲಿ. ತನ್ನ ಮಾತು ಅದರಲ್ಲಿ ಇಲ್ಲದಿದ್ದರೆ ಬರೆಯಿಸಲಿ.